ಎಲ್ಲಾ ಅಧಿಕಾರ ಕೈಯಲ್ಲಿತ್ತು, ತೀರ್ಮಾನ ಮಾತ್ರ ಆಗಲಿಲ್ಲ: ಇರಾನಿನ ಶಾ ಕ್ರಾಂತಿಗೆ ದಾರಿ ಮಾಡಿಕೊಟ್ಟ ಬಗೆ

2022ರ ಜುಲೈನಲ್ಲಿ ಶ್ರೀಲಂಕಾದ ಗೋಟಬಯ ರಾಜಪಕ್ಸ ವಾಯುಪಡೆಯ ವಿಮಾನ ಹತ್ತಿ ಮಾಲ್ಡೀವ್ಸ್‌ಗೆ ಹೋದರು. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಶೇಖ್ ಹಸೀನಾ ದೆಹಲಿ ಪಕ್ಕದ ಹಿಂಡನ್ ವಾಯುನೆಲೆಗೆ ಬಂದಿಳಿದರು. ಅದೇ ವರ್ಷ ಡಿಸೆಂಬರ್ 8ಕ್ಕೆ ಸಿರಿಯಾದ ಬಷರ್ ಅಲ್ ಅಸಾದ್ ಮಾಸ್ಕೋ ಸೇರಿದರು. ಹಸೀನಾ ಮತ್ತು ಅಸಾದ್ ವಿಷಯದಲ್ಲಂತೂ, ಕೆಲವೇ ವಾರ ಮೊದಲು ಕೇಳಿದ್ದರೆ ಇವರನ್ನು ಅಲ್ಲಾಡಿಸೋಕೆ ಆಗಲ್ಲ ಎಂದೇ ಬಹುತೇಕರು ಹೇಳುತ್ತಿದ್ದರು.

ಇಂಥ ಪತನ ಆದಾಗಲೆಲ್ಲ ಟಿವಿಯಲ್ಲಿ ಒಂದೇ ವಿವರಣೆ ಬರುತ್ತದೆ. ದಬ್ಬಾಳಿಕೆ ಜಾಸ್ತಿಯಾಯಿತು, ಜನ ಸಿಡಿದೆದ್ದರು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಸರಿ ಹೋಗಲ್ಲ. ಸ್ಟಾಲಿನ್ ಅಧಿಕಾರದಲ್ಲಿದ್ದಾಗಲೇ ಸತ್ತರು, ಮಾವೋ ಕೂಡ. ಉತ್ತರ ಕೊರಿಯಾದಲ್ಲಿ ಅಜ್ಜ, ಅಪ್ಪ ಇಬ್ಬರೂ ಕುರ್ಚಿ ಬಿಡದೆ ತೀರಿಕೊಂಡು ಈಗ ಮೊಮ್ಮಗ ಕೂತಿದ್ದಾರೆ. ಕ್ರೌರ್ಯವೇ ಕ್ರಾಂತಿಯನ್ನು ತರುವುದಾಗಿದ್ದರೆ ಇವರೆಲ್ಲ ಮೊದಲು ಹೋಗಬೇಕಿತ್ತು, ಅಲ್ವಾ?

ಹಾಗಾದರೆ ಯಾವ ಸರ್ವಾಧಿಕಾರಿ ಬೀಳುತ್ತಾರೆ? ಇದಕ್ಕೆ ನನಗೆ ಸಿಕ್ಕಿರುವ ಅತ್ಯುತ್ತಮ ಉದಾಹರಣೆ ಇರಾನಿನ ಕೊನೆಯ ದೊರೆ, ಅಂದರೆ ಶಾ, ಮೊಹಮ್ಮದ್ ರೆಜಾ ಪಹ್ಲವಿ. ಅವರ ಕೈಯಲ್ಲಿ ಏನಿರಲಿಲ್ಲ ಹೇಳಿ? ತೈಲದ ದುಡ್ಡು ಹೊಳೆಯಂತೆ ಹರಿದು ಬರುತ್ತಿತ್ತು. ಲಕ್ಷಗಟ್ಟಲೆ ಸೈನಿಕರಿದ್ದರು, ಅಮೆರಿಕದ ಹೊಚ್ಚಹೊಸ ಯುದ್ಧವಿಮಾನಗಳಿದ್ದವು. 1957ರಲ್ಲಿ ಕಟ್ಟಿದ 'ಸಾವಾಕ್' ಎಂಬ ಗೂಢಚಾರ ಪೊಲೀಸ್ ಪಡೆಯ ಹೆಸರು ಕೇಳಿದರೇ ಜನ ನಡುಗುತ್ತಿದ್ದರು. ಹೊರಗಿನಿಂದ ಯಾರೂ ದಂಡೆತ್ತಿ ಬರಲಿಲ್ಲ. ಯುದ್ಧದಲ್ಲಿ ಸೋತಿರಲಿಲ್ಲ. ಖಜಾನೆಯೂ ಬರಿದಾಗಿರಲಿಲ್ಲ. ಆದರೂ ಒಂದು ವರ್ಷದಲ್ಲಿ ಎಲ್ಲ ಮುಗಿಯಿತು.

ಕಾರಣ ಹುಡುಕಲು 1953ಕ್ಕೆ ಹೋಗಬೇಕು. ಶಾ ಪಟ್ಟಕ್ಕೆ ಬಂದದ್ದು 1941ರಲ್ಲಿ, 21ನೇ ವಯಸ್ಸಿಗೆ. ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ಇರಾನಿಗೆ ನುಗ್ಗಿ ಅವರ ಅಪ್ಪನನ್ನು ಕೆಳಗಿಳಿಸಿದ್ದವು. ಮುಂದೆ ಪ್ರಧಾನಿ ಮೊಸಾದ್ದೆಕ್ 1951ರಲ್ಲಿ ತೈಲವನ್ನು ರಾಷ್ಟ್ರೀಕರಣ ಮಾಡಿದರು. ಅವರನ್ನು ಕಿತ್ತುಹಾಕಲು ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಸಂಸ್ಥೆಗಳು 1953ರ ಆಗಸ್ಟ್‌ನಲ್ಲಿ ಸಂಚು ಹೂಡಿದವು. ಮೊದಲ ಪ್ರಯತ್ನ ಕೈಕೊಟ್ಟ ತಕ್ಷಣ ಶಾ ವಿಮಾನ ಹತ್ತಿ ಬಾಗ್ದಾದಿಗೆ, ಅಲ್ಲಿಂದ ರೋಮ್‌ಗೆ ಹೋಗಿಬಿಟ್ಟರು. ಮೂರ್ನಾಲ್ಕು ದಿನದಲ್ಲಿ ಎರಡನೇ ಪ್ರಯತ್ನ ಗೆದ್ದಿತು. ಸುದ್ದಿ ಅವರಿಗೆ ತಲುಪಿದ್ದು ರೋಮಿನ ಹೋಟೆಲಿನಲ್ಲಿ.

ಈ ಘಟನೆಯಿಂದ ಶಾ ಮನಸ್ಸಿನಲ್ಲಿ ಎರಡು ವಿಷಯ ಕೂತವು. ದೇಶದೊಳಗೆ ಸ್ವಂತ ಜನಬೆಂಬಲ ಇರುವ ಯಾವ ನಾಯಕನೂ ತನಗೆ ಅಪಾಯ. ಇನ್ನೊಂದು, ಕಷ್ಟಕಾಲದಲ್ಲಿ ಕೊನೆಯ ಮಾತು ವಾಷಿಂಗ್ಟನ್‌ನದ್ದು. ಮುಂದಿನ 25 ವರ್ಷ ಅವರು ಮೊದಲನೆಯದನ್ನು ಶ್ರದ್ಧೆಯಿಂದ ಪಾಲಿಸಿದರು. ಸ್ವಂತ ತೂಕ ಇರುವವರನ್ನೆಲ್ಲ ಒಬ್ಬೊಬ್ಬರಾಗಿ ಮೂಲೆಗೆ ತಳ್ಳಿದರು. ಮೊಸಾದ್ದೆಕ್ ಜೈಲು ಮುಗಿಸಿ, ತಮ್ಮ ಹಳ್ಳಿಯಲ್ಲಿ ಗೃಹಬಂಧನದಲ್ಲಿದ್ದು 1967ರಲ್ಲಿ ತೀರಿಕೊಂಡರು. ಅವರ ನ್ಯಾಷನಲ್ ಫ್ರಂಟ್ ಪಕ್ಷ ಚೂರುಚೂರಾಯಿತು. ಎಡಪಕ್ಷದವರು ಜೈಲಿಗೆ ಹೋದರು, ಇಲ್ಲವೇ ದೇಶ ಬಿಟ್ಟರು.

ಸೇನೆಯ ಕಥೆ ಇನ್ನೂ ವಿಚಿತ್ರ. ಭೂಸೇನೆ, ನೌಕಾಪಡೆ, ವಾಯುಪಡೆಯ ಮುಖ್ಯಸ್ಥರು ಒಟ್ಟಿಗೆ ಕೂತು ಮಾತಾಡುವ ಪದ್ಧತಿಯೇ ಇರಲಿಲ್ಲ. ಒಬ್ಬೊಬ್ಬರೂ ಪ್ರತ್ಯೇಕವಾಗಿ ಹೋಗಿ ಶಾಗೇ ವರದಿ ಒಪ್ಪಿಸಬೇಕಿತ್ತು. ಜನರಲ್‌ಗಳು ಒಂದಾದರೆ ತನ್ನ ವಿರುದ್ಧವೇ ತಿರುಗಬಹುದೆಂಬ ಭಯ. ಈ ಏರ್ಪಾಡಿನಿಂದ ಸೇನಾದಂಗೆಯೇನೋ ತಪ್ಪಿತು. ಆದರೆ ಶಾ ಇಲ್ಲದಿದ್ದರೆ ಏನೂ ಮಾಡಲು ಬಾರದ ಸೇನೆ ತಯಾರಾಯಿತು. 1979ರ ಫೆಬ್ರವರಿಯಲ್ಲಿ ಇದರ ಬೆಲೆ ತೆರಬೇಕಾಯಿತು.

ಒಂದು ಸಂಸ್ಥೆಯನ್ನು ಮಾತ್ರ ಅವರಿಗೆ ಪೂರ್ತಿ ಮುರಿಯಲು ಆಗಲಿಲ್ಲ. ಅದು ಮಸೀದಿ. ಪ್ರತಿ ಊರಿನಲ್ಲೂ ಮಸೀದಿ ಇತ್ತು. ಬಜಾರಿನ ವ್ಯಾಪಾರಿಗಳ ದೇಣಿಗೆ ಅದಕ್ಕೆ ಹೋಗುತ್ತಿತ್ತು. ಮೊಹರಂ, ಸತ್ತವರ ನಲವತ್ತನೇ ದಿನದ ಶೋಕ ಅಂತ ಜನ ಸೇರಲು ಯಾರ ಅನುಮತಿಯೂ ಬೇಕಿರಲಿಲ್ಲ. ಸ್ವತಂತ್ರ ಪಕ್ಷ, ಸಂಘ, ಪತ್ರಿಕೆಗಳ ಬಾಯಿ ಮುಚ್ಚಿಸಿದ ಮೇಲೆ ಜನ ಸೇರಿ ಮಾತಾಡಲು ಉಳಿದದ್ದು ಅದೊಂದೇ ಜಾಗ. 1964ರಲ್ಲಿ ದೇಶದಿಂದ ಹೊರಹಾಕಿದ್ದ ಧರ್ಮಗುರು ಆಯತೊಲ್ಲಾ ಖೊಮೇನಿ ಇರಾಕಿನ ನಜಫ್‌ನಲ್ಲಿ ಕೂತು ಮಾತಾಡಿದ್ದು ಕ್ಯಾಸೆಟ್ ಆಗಿ ಇದೇ ದಾರಿಯಲ್ಲಿ ಊರೂರು ತಲುಪುತ್ತಿತ್ತು. ಇರಾನಿನ ಕ್ರಾಂತಿ ಯಾಕೆ ಧಾರ್ಮಿಕ ಬಣ್ಣ ಪಡೆಯಿತು ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಇದೆ. ಉಳಿದ ಬಣ್ಣಗಳನ್ನೆಲ್ಲ ಶಾ ಮೊದಲೇ ಅಳಿಸಿದ್ದರು.

ಆಮೇಲೆ ದುಡ್ಡು ಬಂತು. 1973ರ ಡಿಸೆಂಬರ್‌ನಲ್ಲಿ ಟೆಹ್ರಾನ್‌ನಲ್ಲೇ ನಡೆದ ತೈಲ ದೇಶಗಳ ಸಭೆ ಬ್ಯಾರೆಲ್ ಬೆಲೆಯನ್ನು 11.65 ಡಾಲರಿಗೆ ಏರಿಸಿತು. ಮುಂದಿನ ಆಗಸ್ಟ್‌ನಲ್ಲಿ ಕ್ಯಾಸ್ಪಿಯನ್ ತೀರದ ರಾಮ್ಸರ್‌ನಲ್ಲಿ ಸಭೆ ಸೇರಿಸಿ ಶಾ ಐದನೇ ಪಂಚವಾರ್ಷಿಕ ಯೋಜನೆಯ ಖರ್ಚನ್ನು ಹೆಚ್ಚೂಕಡಿಮೆ ದುಪ್ಪಟ್ಟು ಮಾಡಿದರು. ಇಷ್ಟು ದುಡ್ಡನ್ನು ಆರ್ಥಿಕತೆ ತಾಳಿಕೊಳ್ಳಲ್ಲ ಎಂದು ಅವರದೇ ಯೋಜನಾ ಇಲಾಖೆಯವರು ಎಚ್ಚರಿಸಿದ್ದರು. ಕೇಳಲಿಲ್ಲ. ಬಂದರಿನಲ್ಲಿ ಹಡಗುಗಳು ಸರಕು ಇಳಿಸಲು ತಿಂಗಳುಗಟ್ಟಲೆ ಕಾದವು. ಮನೆ ಬಾಡಿಗೆ ಗಗನಕ್ಕೇರಿತು. 1977ರ ಬೇಸಿಗೆಯಲ್ಲಿ, ಜಗತ್ತಿನ ದೊಡ್ಡ ತೈಲ ಮಾರಾಟಗಾರರಲ್ಲಿ ಒಂದಾದ ಈ ದೇಶದ ರಾಜಧಾನಿಯಲ್ಲಿ ಗಂಟೆಗಟ್ಟಲೆ ಕರೆಂಟ್ ಇರಲಿಲ್ಲ.

ಬೆಲೆ ಏರಿದ್ದಕ್ಕೆ ಶಾ ಕಂಡುಕೊಂಡ ಅಪರಾಧಿ ಯಾರು? ಅಂಗಡಿಯವರು! 1975ರಲ್ಲಿ ವಿದ್ಯಾರ್ಥಿಗಳ ತಂಡಗಳನ್ನು ಬಜಾರಿಗೆ ನುಗ್ಗಿಸಿ ಬೆಲೆ ತಪಾಸಣೆ ಶುರು ಮಾಡಿದರು. ಇತಿಹಾಸಕಾರರ ಲೆಕ್ಕದಲ್ಲಿ ಸುಮಾರು 8 ಸಾವಿರ ವ್ಯಾಪಾರಿಗಳು ಜೈಲು ಕಂಡರು, ದಂಡ ಕಟ್ಟಿದವರು ಅದಕ್ಕಿಂತ ಎಷ್ಟೋ ಪಟ್ಟು. ಅಲ್ಲಿಯವರೆಗೆ ರಾಜಕೀಯದ ಗೊಡವೆಗೆ ಹೋಗದೆ ವ್ಯಾಪಾರ ಮಾಡಿಕೊಂಡಿದ್ದವರಿಗೂ ಒಂದು ವಿಷಯ ಖಾತ್ರಿಯಾಯಿತು. ತಮ್ಮ ಗಲ್ಲಾಪೆಟ್ಟಿಗೆಗೆ ಕೈಹಾಕಿದ್ದು ಶಾ. ಅದೇ ವರ್ಷ ಮಾರ್ಚ್‌ನಲ್ಲಿ ಇದ್ದ ಎರಡು ಬೊಂಬೆ ಪಕ್ಷಗಳನ್ನೂ ಮುಚ್ಚಿ 'ರಸ್ತಾಖೀಜ್' ಎಂಬ ಒಂದೇ ಪಕ್ಷ ಮಾಡಿದರು. ಸೇರಲು ಇಷ್ಟವಿಲ್ಲದವರು ಪಾಸ್‌ಪೋರ್ಟ್ ತಗೊಂಡು ದೇಶ ಬಿಡಬಹುದು ಎಂದರು. 1976ರಲ್ಲಿ ಇಸ್ಲಾಮಿ ಕ್ಯಾಲೆಂಡರನ್ನೇ ಕಿತ್ತು, ಪುರಾತನ ದೊರೆ ಸೈರಸ್‌ನಿಂದ ಎಣಿಸುವ ಹೊಸ ಲೆಕ್ಕ ತಂದರು. ಜನ ಬೆಳಿಗ್ಗೆ ಎದ್ದಾಗ ವರ್ಷ 2535 ಆಗಿತ್ತು. ಇದರಿಂದ ಯಾರಿಗೆ ಏನು ಲಾಭ? ಸುಮ್ನೆ ಇದ್ದವರನ್ನು ಕೆಣಕಿದ್ದಷ್ಟೇ ಬಂತು.

ಈ ಕೇಂದ್ರೀಕರಣದಲ್ಲಿ ದೊಡ್ಡ ಅಪಾಯ ಒಂದಿದೆ. ಎಲ್ಲ ತೀರ್ಮಾನ ನಾನೇ ಮಾಡುತ್ತೇನೆ ಎನ್ನುವ ದೊರೆಗೆ ಎಲ್ಲ ತಪ್ಪೂ ನೇರವಾಗಿ ಅಂಟಿಕೊಳ್ಳುತ್ತದೆ. ಬಾಡಿಗೆ ಏರಿದರೂ ಶಾ, ಕರೆಂಟ್ ಹೋದರೂ ಶಾ. ನಡುವೆ ಬಯ್ಯಲು ಒಬ್ಬ ಮಂತ್ರಿಯೂ ಇಲ್ಲ. ರಷ್ಯಾದ ಝಾರ್ ಎರಡನೇ ನಿಕೊಲಸ್ ಇದೇ ತಪ್ಪನ್ನು ಬೇರೆ ರೀತಿ ಮಾಡಿದ್ದರು. 1915ರಲ್ಲಿ, ಮಂತ್ರಿಗಳು ಬೇಡವೆಂದು ಬೇಡಿಕೊಂಡರೂ, ಸೇನೆಯ ದಂಡನಾಯಕತ್ವವನ್ನು ತಾವೇ ವಹಿಸಿಕೊಂಡು ಮೊಗಿಲೆವ್‌ಗೆ ಹೋದರು. ಆಮೇಲೆ ಪ್ರತಿ ಸೋಲೂ ಅವರ ಹೆಸರಿಗೇ ಬಂತು. 2020ರಲ್ಲಿ ಸಂವಿಧಾನಕ್ಕೆ 20ನೇ ತಿದ್ದುಪಡಿ ತಂದು ಅಧ್ಯಕ್ಷರ ಅಧಿಕಾರ ಹಿಗ್ಗಿಸಿಕೊಂಡ ಗೋಟಬಯ, ಮರುವರ್ಷ ಏಕಾಏಕಿ ರಾಸಾಯನಿಕ ಗೊಬ್ಬರ ನಿಷೇಧಿಸಿದಾಗಲೂ ಇದೇ ಆಯಿತು. ಗೋಟಬಯ ಚುನಾವಣೆ ಗೆದ್ದು ಬಂದವರು, ಶಾ ಸಾಲಿಗೆ ಸೇರಿಸುವುದು ಪೂರ್ತಿ ನ್ಯಾಯವಲ್ಲ. ಆದರೆ ಬೆಳೆ ಕೈಕೊಟ್ಟಾಗ ರೈತರು ಬೊಟ್ಟು ಮಾಡಿದ್ದು ಒಬ್ಬರ ಕಡೆಗೇ.

ಶಾ ಹತ್ತಿರ ಇನ್ನೊಂದು ಗುಟ್ಟಿತ್ತು. 1974ರಲ್ಲಿ ಫ್ರಾನ್ಸಿನ ವೈದ್ಯರು ಅವರಿಗೆ ರಕ್ತಕ್ಕೆ ಸಂಬಂಧಿಸಿದ ಕ್ಯಾನ್ಸರ್ ಇರುವುದನ್ನು ಪತ್ತೆಹಚ್ಚಿದರು. ಹೆಂಡತಿ ಫರಾಗೆ ಇದು ತಿಳಿದದ್ದೇ 1977ರಲ್ಲಿ. ಅಮೆರಿಕದ ಗೂಢಚಾರರಿಗೂ ಗೊತ್ತಿರಲಿಲ್ಲ. ಮಗನಿಗಿನ್ನೂ ಹದಿನೇಳು ತುಂಬಿರಲಿಲ್ಲ. ತನ್ನ ಕಾಲದಲ್ಲೇ ಆಡಳಿತವನ್ನು ಸ್ವಲ್ಪ ಸಡಿಲಿಸಿ ಮಗನಿಗೆ ಸಲೀಸು ಮಾಡಿಕೊಡಬೇಕೆಂಬ ಅವಸರ ಇದ್ದಿರಬೇಕು. ಅಮೆರಿಕದಲ್ಲಿ ಮಾನವ ಹಕ್ಕುಗಳ ಮಾತಾಡುವ ಜಿಮ್ಮಿ ಕಾರ್ಟರ್ ಬೇರೆ ಅಧ್ಯಕ್ಷರಾಗಿದ್ದರು. ಅಂತೂ 1977ರಲ್ಲಿ ಹಿಡಿತ ಸಡಿಲವಾಯಿತು. ಕೆಲವು ರಾಜಕೀಯ ಕೈದಿಗಳು ಹೊರಬಂದರು. ಅಕ್ಟೋಬರ್‌ನಲ್ಲಿ ಟೆಹ್ರಾನಿನ ಗೋಥೆ ಇನ್‌ಸ್ಟಿಟ್ಯೂಟ್ ಏರ್ಪಡಿಸಿದ ಹತ್ತು ರಾತ್ರಿಗಳ ಕವಿಗೋಷ್ಠಿಗೆ ಸಾವಿರಾರು ಜನ ಮಳೆಯಲ್ಲೂ ಬಂದು ಕೂತರು.

ನನ್ನ ಪ್ರಕಾರ ಶಾ ಕಳೆದುಕೊಂಡ ದೊಡ್ಡ ಅವಕಾಶ ಇದೇ ವರ್ಷದ್ದು. 1977ರ ಜೂನ್‌ನಲ್ಲಿ ನ್ಯಾಷನಲ್ ಫ್ರಂಟಿನ ಮೂವರು, ಕರೀಮ್ ಸಂಜಾಬಿ, ಶಾಪುರ್ ಬಖ್ತಿಯಾರ್ ಮತ್ತು ದಾರಿಯುಷ್ ಫೊರುಹರ್, ಅವರಿಗೆ ಬಹಿರಂಗ ಪತ್ರ ಬರೆದರು. ರಾಜತ್ವ ತೊಲಗಲಿ ಎಂದು ಅದರಲ್ಲಿ ಇರಲಿಲ್ಲ. 1906ರ ಸಂವಿಧಾನದಂತೆ ನಡೆದುಕೊಳ್ಳಿ, ಒಂದೇ ಪಕ್ಷದ ಆಟ ನಿಲ್ಲಿಸಿ, ಪತ್ರಿಕೆಗಳನ್ನು ಬಿಡಿ, ಇಷ್ಟೇ. ದೊರೆ ಇರಲಿ, ಆಳುವುದನ್ನು ಸಂಸತ್ತಿಗೆ ಬಿಡಲಿ ಎನ್ನುವ ಜನ ಇವರು. ಅಂದು ಇವರಲ್ಲಿ ಒಬ್ಬರನ್ನು ಕರೆದು ಕೂರಿಸಿ ಮಾತಾಡಿದ್ದರೆ? ಶಾ ಪತ್ರಕ್ಕೆ ಉತ್ತರವನ್ನೇ ಕೊಡಲಿಲ್ಲ. ಹದಿನೆಂಟು ತಿಂಗಳಾದ ಮೇಲೆ ಬೇರೆ ಯಾರೂ ಸಿಗದೆ ಬಖ್ತಿಯಾರ್‌ರನ್ನೇ ಪ್ರಧಾನಿಯಾಗಿ ಎಂದು ಕೇಳಿಕೊಂಡರು. ಹಾಲು ಉಕ್ಕಿ ಒಲೆಯೆಲ್ಲ ತೋಯ್ದ ಮೇಲೆ ಉರಿ ತಗ್ಗಿಸಿದಂತಾಯಿತು.

1977ರ ಡಿಸೆಂಬರ್ 31ರ ರಾತ್ರಿ ಟೆಹ್ರಾನಿನ ಔತಣದಲ್ಲಿ ಕಾರ್ಟರ್, ಇರಾನ್ ಸ್ಥಿರತೆಯ ದ್ವೀಪ ಎಂದು ಹೊಗಳಿದರು. ಸರಿಯಾಗಿ ಒಂದು ವಾರಕ್ಕೆ 'ಎತ್ತೆಲಾಆತ್' ಪತ್ರಿಕೆಯಲ್ಲಿ ಖೊಮೇನಿಯನ್ನು ಹೀಯಾಳಿಸುವ ಲೇಖನ ಬಂತು. ಸುಳ್ಳು ಹೆಸರಿನಲ್ಲಿ ಬರೆದದ್ದು, ಸರ್ಕಾರವೇ ಕಳಿಸಿದ್ದು. ಅದರಲ್ಲಿ ಅವರ ಭಾರತದ ಮೂಲವನ್ನೂ ಕೆದಕಿದ್ದರು. ಖೊಮೇನಿಯ ಅಜ್ಜ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂಟೂರಿನವರು, ಅದನ್ನೇ ಬೈಗುಳವಾಗಿ ಬಳಸಿದ್ದರು. ಹಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಹೆಸರೇ ಬಾರದಿದ್ದ ವ್ಯಕ್ತಿಯನ್ನು ಸರ್ಕಾರವೇ ಮುಖಪರಿಚಯ ಮಾಡಿಸಿ ನಾಯಕನಾಗಿಸಿತು. ಜನವರಿ 9ರಂದು ಕೋಮ್ ನಗರದಲ್ಲಿ ಪ್ರತಿಭಟನೆ, ಗೋಲಿಬಾರ್. ನಲವತ್ತನೇ ದಿನದ ಶೋಕಕ್ಕೆ ತಬ್ರಿಜ್‌ನಲ್ಲಿ ಗಲಭೆ, ಮತ್ತೆ ಸಾವು. ಅದರ ನಲವತ್ತಕ್ಕೆ ಯಜ್ದ್. ಹೀಗೆ ಸಾವೇ ಮುಂದಿನ ಮೆರವಣಿಗೆಯ ದಿನಾಂಕ ಗೊತ್ತುಮಾಡುತ್ತಾ ಹೋಯಿತು. ಮೇ ತಿಂಗಳಲ್ಲಿ ಸೈನಿಕರು ಆಯತೊಲ್ಲಾ ಶರೀಅತ್‌ಮದಾರಿಯ ಮನೆಗೇ ನುಗ್ಗಿ ಗುಂಡು ಹಾರಿಸಿದರು. ಅವರು ಖೊಮೇನಿಯ ಹಾಗಲ್ಲ, ಸಂವಿಧಾನ ಪಾಲಿಸಿದರೆ ಸಾಕು ಎನ್ನುತ್ತಿದ್ದ ಮೆದು ಧರ್ಮಗುರು. ಸಂಧಾನಕ್ಕೆ ಸಿಗಬಹುದಾಗಿದ್ದ ಇನ್ನೊಂದು ಬಾಗಿಲೂ ಹೀಗೆ ಮುಚ್ಚಿತು.

ಆಗಸ್ಟ್ 19ರಂದು ಅಬಾದಾನಿನ ರೆಕ್ಸ್ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು ಸುಮಾರು 400 ಜನ ಸುಟ್ಟುಹೋದರು. ಹಚ್ಚಿದವರು ಧಾರ್ಮಿಕ ಉಗ್ರರು ಎನ್ನುವುದಕ್ಕೇ ಮುಂದೆ ಹೆಚ್ಚು ಸಾಕ್ಷಿ ಸಿಕ್ಕಿತು. ಆದರೆ ಅಂದು ದೇಶವೆಲ್ಲ ಸಾವಾಕ್ ಕಡೆ ಕೈತೋರಿತು. ಸೆಪ್ಟೆಂಬರ್ 8ರಂದು ಜಾಲೆ ಚೌಕದಲ್ಲಿ ಸೈನಿಕರು ಗುಂಡು ಹಾರಿಸಿದಾಗಲೂ ಹೀಗೇ. ಸತ್ತವರು ನೂರಕ್ಕೂ ಕಡಿಮೆ ಎಂದು ಕ್ರಾಂತಿಯ ನಂತರ ನಡೆದ ಎಣಿಕೆಯೇ ಹೇಳುತ್ತದೆ. ಸಾವಿರಾರು ಎಂದು ಜನ ನಂಬಿದರು. ಇಪ್ಪತ್ತೈದು ವರ್ಷ ಪತ್ರಿಕೆಗಳ ಬಾಯಿ ಕಟ್ಟಿದ ಸರ್ಕಾರ ಈಗ ನಿಜ ಹೇಳಿದರೂ ಯಾರು ನಂಬುತ್ತಾರೆ?

ಇದೆಲ್ಲದರ ನಡುವೆ ಶಾ ಏನು ಮಾಡುತ್ತಿದ್ದರು? ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಆಗಸ್ಟ್ ಕೊನೆಗೆ ಷರೀಫ್ ಇಮಾಮಿಯನ್ನು ಪ್ರಧಾನಿ ಮಾಡಿ ಕ್ಯಾಸಿನೊ ಮುಚ್ಚಿಸಿದರು, ಹಳೇ ಕ್ಯಾಲೆಂಡರ್ ವಾಪಸ್ ತಂದರು. ಹನ್ನೆರಡೇ ದಿನದಲ್ಲಿ ಮಿಲಿಟರಿ ಕಾನೂನು ಹೇರಿದರು. ನಜಫ್‌ನಲ್ಲಿದ್ದ ಖೊಮೇನಿಯನ್ನು ಹೊರಹಾಕಿ ಎಂದು ಇರಾಕಿಗೆ ಹೇಳಿಕಳಿಸಿದರು. ಅಕ್ಟೋಬರ್‌ನಲ್ಲಿ ಖೊಮೇನಿ ಪ್ಯಾರಿಸ್ ಹತ್ತಿರದ ಹಳ್ಳಿಗೆ ಹೋಗಿ ಕೂತರು. ಅಲ್ಲಿ ಫೋನ್ ಇತ್ತು, ಜಗತ್ತಿನ ಟಿವಿ ಕ್ಯಾಮೆರಾಗಳಿದ್ದವು. ಶತ್ರುವನ್ನು ದೂರ ಕಳಿಸಲು ಹೋಗಿ ಅವರಿಗೆ ಮೈಕ್ ಕೊಟ್ಟಂತಾಯಿತು.

ನವೆಂಬರ್ 6 ಈ ಗೊಂದಲದ ಶಿಖರ. ಅಂದು ಜನರಲ್ ಅಜ್ಹರಿಯ ಸೇನಾ ಸರ್ಕಾರ ಬಂತು. ಜನ ಹೆದರಿ ಮನೆ ಸೇರಬೇಕು. ಅದೇ ದಿನ ಶಾ ಟಿವಿಯಲ್ಲಿ ಕಾಣಿಸಿಕೊಂಡು, ನಿಮ್ಮ ಕ್ರಾಂತಿಯ ದನಿ ನನಗೂ ಕೇಳಿಸಿತು, ಹಿಂದಿನ ತಪ್ಪು ಮರುಕಳಿಸುವುದಿಲ್ಲ ಎಂದರು. ಒಂದೇ ದಿನ ಟ್ಯಾಂಕೂ ಕಳಿಸಿ ಕ್ಷಮೆಯನ್ನೂ ಕೇಳಿದರೆ ಯಾವುದನ್ನು ನಂಬುವುದು? ಬೀದಿಯಲ್ಲಿದ್ದವರು ಗೆಲುವು ಹತ್ತಿರ ಬಂತು ಅಂದುಕೊಂಡರು. ಟ್ಯಾಂಕಿನ ಮೇಲಿದ್ದವರಿಗೆ ದೊರೆಯೇ ಕೈಬಿಡುತ್ತಿದ್ದಾರೆ ಅನಿಸಿತು. ಎರಡು ದಿನಕ್ಕೆ ಅದು ಖಚಿತವೂ ಆಯಿತು. ಸುಮಾರು 13 ವರ್ಷ ಪ್ರಧಾನಿಯಾಗಿದ್ದ ನಿಷ್ಠಾವಂತ ಅಮೀರ್ ಅಬ್ಬಾಸ್ ಹೊವೆಯ್ದಾರನ್ನೇ ಜನರ ಸಿಟ್ಟು ತಣಿಸಲು ಬಂಧಿಸಿದರು. ಮುಂದೆ ದೇಶ ಬಿಟ್ಟಾಗ ಅವರನ್ನು ಸೆರೆಯಲ್ಲೇ ಬಿಟ್ಟು ಹೋದರು. 1979ರ ಏಪ್ರಿಲ್‌ನಲ್ಲಿ ಕ್ರಾಂತಿ ಸರ್ಕಾರ ಅವರನ್ನು ಕೊಂದಿತು. ತನ್ನವರನ್ನೇ ಒಪ್ಪಿಸಿಬಿಡುವ ದೊರೆಗಾಗಿ ಯಾರು ಪ್ರಾಣ ಕೊಡುತ್ತಾರೆ?

ಈ ತಿಂಗಳುಗಳಲ್ಲಿ ಅವರು ಅಮೆರಿಕದ ರಾಯಭಾರಿ ಸಲಿವನ್‌ರನ್ನೂ ಬ್ರಿಟನ್ನಿನ ಪಾರ್ಸನ್ಸ್‌ರನ್ನೂ ಅರಮನೆಗೆ ಪದೇ ಪದೇ ಕರೆಸಿ ಏನು ಮಾಡಲಿ ಎಂದು ಕೇಳುತ್ತಿದ್ದರು. 1953ರ ಪಾಠ ಇನ್ನೂ ಬಿಟ್ಟಿರಲಿಲ್ಲ. ವಾಷಿಂಗ್ಟನ್‌ನಲ್ಲಿ ಒಬ್ಬರು ಗಟ್ಟಿಯಾಗಿ ನಿಲ್ಲಿ ಎಂದರೆ ಇನ್ನೊಬ್ಬರು ರಾಜಿ ಮಾಡಿಕೊಳ್ಳಿ ಎನ್ನುತ್ತಿದ್ದರು. ಅಲ್ಲೂ ತೀರ್ಮಾನ ಇರಲಿಲ್ಲ. ಇತ್ತ ತೈಲ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ದಿನಕ್ಕೆ 50 ಲಕ್ಷ ಬ್ಯಾರೆಲ್ ಮೀರುತ್ತಿದ್ದ ಉತ್ಪಾದನೆ ವರ್ಷದ ಕೊನೆಗೆ ದೇಶದ ಸ್ವಂತ ಬಳಕೆಗೂ ಸಾಲದಾಯಿತು. ಮೆರವಣಿಗೆಯನ್ನು ಗುಂಡಿಟ್ಟು ಚದುರಿಸಬಹುದು. ಆದರೆ ಪಂಪಿನ ಮುಂದೆ ಕೈಕಟ್ಟಿ ನಿಂತ ಕೆಲಸಗಾರನಿಂದ ಗುಂಡು ತೋರಿಸಿ ತೈಲ ತೆಗೆಸುವುದು ಕಷ್ಟ.

ಶಾ ಬೆಂಬಲಿಗರು ಇಂದಿಗೂ ಒಂದು ವಾದ ಮಾಡುತ್ತಾರೆ. ಅವರು ಸ್ವಲ್ಪ ಕಠಿಣವಾಗಿದ್ದರೆ ಉಳಿಯುತ್ತಿದ್ದರು, ರಕ್ತ ಹರಿಸಲು ಮನಸ್ಸು ಬರಲಿಲ್ಲ, ಅದು ಅವರ ಒಳ್ಳೆಯತನ ಅಂತ. ಇದರಲ್ಲಿ ಸ್ವಲ್ಪ ನಿಜವಿದೆ. ತನ್ನ ಜನರ ಹೆಣದ ಮೇಲೆ ಕೂರಲಾರೆ ಎಂಬ ಅಳುಕು ಅವರಿಗೆ ಇದ್ದೇ ಇತ್ತು. ಆದರೆ ಅಸಾದ್ ಉದಾಹರಣೆ ನೋಡಿ. 2011ರಿಂದ ಅವರು ಗುಂಡು ಹಾರಿಸಲು ಒಂದು ಕ್ಷಣವೂ ಹಿಂಜರಿಯಲಿಲ್ಲ. ಲಕ್ಷಾಂತರ ಜನ ಸತ್ತರು. ಹದಿಮೂರು ವರ್ಷ ಕಾಲ ತಳ್ಳಿದ್ದು ನಿಜ. ಆದರೆ ಅವರಿಗೆ ಆಸರೆಯಾಗಿದ್ದ ರಷ್ಯಾ ಉಕ್ರೇನಿನಲ್ಲಿ, ಹೆಜ್ಬುಲ್ಲಾ ಲೆಬನಾನಿನಲ್ಲಿ ಸಿಕ್ಕಿಬಿದ್ದಾಗ ಹನ್ನೆರಡೇ ದಿನದಲ್ಲಿ ಎಲ್ಲ ಕುಸಿಯಿತು. ಸಂಬಳ ಸರಿಯಾಗಿ ಕಾಣದ ಸೈನಿಕರು ಸಮವಸ್ತ್ರ ಬಿಚ್ಚಿ ರಸ್ತೆಬದಿಗೆ ಎಸೆದು ಹೋದರು. ಹಾಗಾಗಿ ಶಾ ಸೋತದ್ದು ಮೆತ್ತಗಿದ್ದುದಕ್ಕಲ್ಲ. ಹೊಡೆಯುವುದನ್ನೂ ಅರ್ಧಕ್ಕೆ ಬಿಟ್ಟರು, ಕೊಡುವುದನ್ನೂ ಅರ್ಧಕ್ಕೆ ಬಿಟ್ಟರು. ಅದಕ್ಕಿಂತ ಮುಖ್ಯವಾಗಿ, ಕೊಡಬೇಕೆಂದು ಮನಸ್ಸಾದಾಗ ತೆಗೆದುಕೊಳ್ಳಲು ಎದುರಿಗೆ ಯಾರೂ ಉಳಿದಿರಲಿಲ್ಲ.

ಡಿಸೆಂಬರ್‌ನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಸಂಜಾಬಿ ನವೆಂಬರ್‌ನಲ್ಲೇ ಪ್ಯಾರಿಸ್‌ಗೆ ಹೋಗಿ ಖೊಮೇನಿಯ ಜೊತೆ ಸೇರಿಯಾಗಿತ್ತು. ಮೊಸಾದ್ದೆಕ್ ಸಂಪುಟದಲ್ಲಿ ಗೃಹಮಂತ್ರಿಯಾಗಿದ್ದ ಗುಲಾಮ್ ಹುಸೇನ್ ಸದೀಘಿ ಸರ್ಕಾರ ರಚಿಸಲು ಒಪ್ಪಿದರು, ಒಂದು ಷರತ್ತಿನ ಮೇಲೆ. ನೀವು ದೇಶ ಬಿಟ್ಟು ಹೋಗಬಾರದು, ಹೋದರೆ ಸೇನೆ ಚದುರಿಹೋಗುತ್ತದೆ ಎಂದರು. ಶಾ ಒಪ್ಪಲಿಲ್ಲ. 1953ರಲ್ಲಿ ಓಡಿದ ಕಾಲುಗಳು ಮತ್ತೆ ಅದೇ ದಾರಿ ಹುಡುಕುತ್ತಿದ್ದವು. ಕೊನೆಗೆ ಬಖ್ತಿಯಾರ್ ಒಪ್ಪಿದರು. ಒಪ್ಪಿದ್ದಕ್ಕೆ ಅವರ ಪಕ್ಷವೇ ಅವರನ್ನು ಹೊರಹಾಕಿತು.

1979ರ ಜನವರಿ 16ರಂದು ಶಾ ಹೊರಟರು. ಸಂಜೆ ಪತ್ರಿಕೆಗಳು ಮುಖಪುಟದ ತುಂಬ ಎರಡೇ ಪದ ಅಚ್ಚುಮಾಡಿದವು: 'ಶಾ ಹೋದ'. ಸದೀಘಿ ಹೇಳಿದ್ದೇ ಆಯಿತು. ಒಟ್ಟಿಗೆ ಕೂತು ತೀರ್ಮಾನ ಮಾಡುವ ಅಭ್ಯಾಸವೇ ಇಲ್ಲದ ಜನರಲ್‌ಗಳು ಫೆಬ್ರವರಿ 11ರಂದು ಸಭೆ ಸೇರಿ, ಸೇನೆ ಯಾರ ಪರವೂ ಇಲ್ಲ ಎಂದು ಘೋಷಿಸಿ ಬ್ಯಾರಕ್ಕಿಗೆ ಮರಳಿದರು. ಹತ್ತು ದಿನ ಮುಂಚೆಯಷ್ಟೇ ಖೊಮೇನಿ ಟೆಹ್ರಾನಿಗೆ ಬಂದಿಳಿದಿದ್ದರು.

ಗೆದ್ದವರು ಈ ಇತಿಹಾಸವನ್ನು ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಹಳೇ ಸೇನೆಯನ್ನು ನಂಬದೆ 1979ರಲ್ಲೇ ಪ್ರತ್ಯೇಕ ಕ್ರಾಂತಿ ರಕ್ಷಣಾ ಪಡೆ ಕಟ್ಟಿದರು. ಮುಂದೆ ಅದಕ್ಕೆ ಕಂಪನಿ, ಕಾಂಟ್ರಾಕ್ಟ್, ಬಂದರುಗಳ ವ್ಯವಹಾರವೂ ಬಂತು. ಈ ಆಡಳಿತ ಬಿದ್ದರೆ ಅವರ ಹೊಟ್ಟೆಪಾಡೂ ಹೋಗುತ್ತದೆ. 2009, 2019, 2022ರ ಚಳವಳಿಗಳಲ್ಲಿ ಬಲಪ್ರಯೋಗ ಮಾಡಲು ಅವರು ಹಿಂದೆಮುಂದೆ ನೋಡಲಿಲ್ಲ, ಟಿವಿಯಲ್ಲಿ ಕ್ಷಮೆ ಕೇಳಲೂ ಇಲ್ಲ.

ಆದರೆ ಶಾ ಮಾಡಿದ ಇನ್ನೊಂದು ಕೆಲಸವನ್ನು ಇವರೂ ಮಾಡಿದ್ದಾರೆ. ಎಂಬತ್ತರ ದಶಕದಲ್ಲಿ ಇದೇ ವ್ಯವಸ್ಥೆಯ ಪ್ರಧಾನಿಯಾಗಿದ್ದ ಮೀರ್ ಹುಸೇನ್ ಮೂಸವಿಯನ್ನು 2011ರಲ್ಲಿ ಗೃಹಬಂಧನಕ್ಕೆ ಹಾಕಿ ವರ್ಷಗಟ್ಟಲೆ ಅಲ್ಲೇ ಇಟ್ಟರು. ಎರಡು ಸಲ ಅಧ್ಯಕ್ಷರಾಗಿದ್ದ ಖಾತಮಿಯ ಫೋಟೊ ಹಾಕಬಾರದೆಂದು ಪತ್ರಿಕೆಗಳಿಗೆ ಆಜ್ಞೆ ಮಾಡಿದರು. ಒಳಗಿದ್ದುಕೊಂಡೇ ಸುಧಾರಣೆ ಕೇಳುತ್ತಿದ್ದ ಗುಂಪು ಹೀಗೆ ಸವೆದಿದೆ. 2024ರ ಅಧ್ಯಕ್ಷ ಚುನಾವಣೆಯಲ್ಲಿ ಸುಧಾರಣೆಯ ಪರವಿದ್ದ ಮಸೂದ್ ಪೆಜೆಶ್ಕಿಯಾನ್‌ರನ್ನು ಸ್ಪರ್ಧೆಗೆ ಬಿಟ್ಟದ್ದು ಸಣ್ಣ ಕಿಟಕಿ ತೆರೆದಂತೆ ಕಂಡರೂ, ಮೊದಲ ಸುತ್ತಿನಲ್ಲಿ ಮತ ಹಾಕಿದವರು ಶೇ 40ರಷ್ಟು ಮಾತ್ರ. ಅಂದರೆ 1978ರಲ್ಲಿ ಕೂಡಿಬಂದ ಎರಡು ಸಂಗತಿಗಳಲ್ಲಿ ಒಂದು, ನಡುವಿನ ಜಾಗ ಖಾಲಿಯಾಗುವುದು, ಮತ್ತೆ ಆಗಿದೆ. ಇನ್ನೊಂದು, ತೈಲ ನಿಲ್ಲುವುದು, ಆಗಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ದಕ್ಷಿಣದ ಅನಿಲ ಮತ್ತು ಪೆಟ್ರೋಕೆಮಿಕಲ್ ಕೇಂದ್ರವಾದ ಅಸಲುಯೆಯ ಗುತ್ತಿಗೆ ಕಾರ್ಮಿಕರು ಕೆಲಸ ನಿಲ್ಲಿಸಿ ರಸ್ತೆಗೆ ಬಂದಿದ್ದರು, ಆದರೆ ತೈಲದ ಪಂಪುಗಳು ಓಡುತ್ತಲೇ ಇದ್ದವು.